ನಾಡಿಯಿಲ್ಲದಾಗ ಮೆದುಳಿನ ಆಮ್ಲಜನಕ

ಹೃದಯ ನಿಂತಾಗ ಎದೆಯನ್ನು ಕೈಗಳಿಂದ ಒತ್ತಿ ರಕ್ತ ಹರಿಸುವ ವಿಧಾನವನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ 1960ರಲ್ಲಿ ಪ್ರಕಟಿಸಿದರು. ಒತ್ತುವುದು ಎದೆಯನ್ನಾದರೂ ಉಳಿಸಬೇಕಾದದ್ದು ಮೆದುಳನ್ನು; ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಪೆಟ್ಟು ಬೀಳತೊಡಗುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ಕ್ರಮವನ್ನು ರೂಢಿಗೆ ತಂದ ಪೀಟರ್ ಸಾಫರ್, ಈ ಚಿಕಿತ್ಸೆಯ ಹೆಸರಿನಲ್ಲೇ ಮೆದುಳೂ ಇರಬೇಕೆಂದು ಪಟ್ಟು ಹಿಡಿದದ್ದು ಇದಕ್ಕೇ. ಆದರೆ ಒತ್ತಿ ಕಳಿಸಿದ ರಕ್ತ ಮೆದುಳನ್ನು ಮುಟ್ಟಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಜಪಾನಿನ ತಾಕುವೊ ಅವೊಯಾಗಿ 1974ರಲ್ಲಿ ಮುಂದಿಟ್ಟ ಪಲ್ಸ್ ಆಕ್ಸಿಮೀಟರ್ ತತ್ವವೂ ಇಲ್ಲಿ ಕೈಕೊಡುತ್ತದೆ. ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ಪು ಲೆಕ್ಕ ಹಾಕುವುದೇ ನಾಡಿಯ ಏರಿಳಿತದಿಂದ.

ದಾರಿ ತೆರೆದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಅವರೇ ಮುಂದೆ ನೆನೆದಂತೆ, ಊಟಕ್ಕೆ ತಂದ ಮಾಂಸದ ತೆಳ್ಳನೆಯ ಮೂಳೆಯೊಂದನ್ನು ಬೆಳಕಿಗೆ ಹಿಡಿದಾಗ ಅದರೊಳಗಿಂದ ಕೆಂಪು ಬೆಳಕು ತೂರಿ ಬಂತು. ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿ ಹಿಡಿದ ಮಕ್ಕಳೆಲ್ಲ ಬೆರಳುಗಳು ಕೆಂಪಗೆ ಹೊಳೆಯುವುದನ್ನು ಕಂಡಿರುತ್ತಾರೆ. ಮೂಳೆಯೂ ಹಾಗೆ ಬೆಳಕು ಬಿಟ್ಟುಕೊಟ್ಟರೆ ತಲೆಬುರುಡೆ ಯಾಕೆ ಬಿಡಬಾರದು? 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಉತ್ತರ ಕೊಟ್ಟರು. ಕೆಂಪಿನ ಆಚೆಗಿನ, ಸುಮಾರು 700ರಿಂದ 900 ನ್ಯಾನೋಮೀಟರ್ ಅಲೆಯುದ್ದದ ಅವಗೆಂಪು ಕಿರಣ ಚರ್ಮ, ಮೂಳೆ ದಾಟಿ ಮೆದುಳಿಗೆ ಇಳಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅದನ್ನು ಹೀರುವ ಬಗೆ ಒಂದು, ಆಮ್ಲಜನಕ ಕಳೆದುಕೊಂಡದ್ದರ ಬಗೆ ಇನ್ನೊಂದು.

ಇಂದಿನ ಸಾಧನದಲ್ಲಿ ಹಣೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಅದರಲ್ಲಿ ಬೆಳಕಿನ ಮೂಲದ ಹತ್ತಿರವೊಂದು, ದೂರವೊಂದು ಸೆನ್ಸರ್ ಇರುತ್ತವೆ. ಹತ್ತಿರದ್ದಕ್ಕೆ ಮುಖ್ಯವಾಗಿ ಮೇಲುಪದರದಿಂದ ಬಂದ ಬೆಳಕು ಸಿಗುತ್ತದೆ, ದೂರದ್ದಕ್ಕೆ ಆಳದಿಂದ ಬಂದದ್ದೂ; ಎರಡರ ವ್ಯತ್ಯಾಸವೇ ಮೆದುಳಿನ ಸುದ್ದಿ. ಅಳೆಯುವ ರಕ್ತದಲ್ಲಿ ಹೆಚ್ಚಿನ ಪಾಲು ಅಭಿಧಮನಿಗಳದು, ಅಂದರೆ ಮೆದುಳು ತನ್ನ ಪಾಲು ತೆಗೆದುಕೊಂಡ ಮೇಲೆ ಮಿಕ್ಕದ್ದು. ಹಾಗಾಗಿ ನಾಡಿ ಬೇಕಿಲ್ಲ. ಸಾಧನ ತೋರಿಸುವುದು ಆ ರಕ್ತದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಶೇಕಡಾ ಎಷ್ಟೆಂಬುದನ್ನು; ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಶೇ. 60ರಿಂದ 80 ಕಾಣುತ್ತದೆ.

ಮೊದಲು ಇದು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂತು. ಹೃದಯ ಸ್ತಂಭನದ ವಿಚಾರದಲ್ಲಿ ಗಟ್ಟಿ ಪುರಾವೆ ಸಿಕ್ಕಿದ್ದು ಈ ಶತಮಾನದಲ್ಲಿ. ಸಂಶೋಧಕ ಸ್ಯಾಮ್ ಪಾರ್ನಿಯಾ ಅವರ ತಂಡ 2016ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ 5 ಆಸ್ಪತ್ರೆಗಳ 183 ರೋಗಿಗಳ ಲೆಕ್ಕ ಪ್ರಕಟಿಸಿತು: ಹೃದಯ ಮತ್ತೆ ಮಿಡಿದವರಲ್ಲಿ ಸರಾಸರಿ ಸುಮಾರು ಶೇ. 52, ಮಿಡಿಯದವರಲ್ಲಿ ಶೇ. 41. 2023ರಲ್ಲಿ ಅದೇ ತಂಡ ಇನ್ನೂ ಬೆರಗಿನ ಸಂಗತಿ ಹೇಳಿತು. ಮೆದುಳಿಗೆ ಆಮ್ಲಜನಕ ಸಾಲದಿದ್ದರೂ, ಎದೆ ಒತ್ತತೊಡಗಿ 35ರಿಂದ 60 ನಿಮಿಷ ಕಳೆದ ಮೇಲೂ ಕೆಲವರಲ್ಲಿ ಸಹಜಕ್ಕೆ ಹತ್ತಿರವಾದ ಮೆದುಳಿನ ಅಲೆಗಳು ದಾಖಲಾಗಿದ್ದವು.

ಇಷ್ಟಾದರೂ ಈ ಒಂದೇ ಅಂಕಿ ನೋಡಿ ಎದೆ ಒತ್ತುವುದನ್ನು ನಿಲ್ಲಿಸುವಂತಿಲ್ಲ, ಆ ಎಚ್ಚರ ಸರಿಯಾದದ್ದೇ. ಹಣೆಯ ಚರ್ಮದ ರಕ್ತ ಅಳತೆಯೊಳಗೆ ನುಸುಳುತ್ತದೆ, ಬೇರೆ ಬೇರೆ ಕಂಪನಿಗಳ ಸಾಧನಗಳ ಅಂಕಿ ತಾಳೆಯಾಗುವುದಿಲ್ಲ. ಪಟ್ಟಿ ತಿಳಿಸುವುದು ಹಣೆಯ ಹಿಂದಿನ ತುಣುಕೊಂದರ ಸ್ಥಿತಿಯನ್ನು ಮಾತ್ರ.