ರುಗ್ಣ ಮಕ್ಕಳ ಹಾಸಿಗೆಯ ಬಳಿಗೆ ಆಟಿಕೆ ಬಂದ ಬಗೆ

ಆಸ್ಪತ್ರೆಯಲ್ಲಿ ಮಲಗಿರುವ ಮಕ್ಕಳಿಗೆ ಕ್ರಿಸ್ತಜಯಂತಿಯ ಕಾಲದಲ್ಲಿ ಆಟಿಕೆಗಳನ್ನು ಕೊಂಡೊಯ್ಯುವ ಪದ್ಧತಿಯು ತೀರ ಈಚಿನದೆಂದೂ, ಅಮೆರಿಕದಿಂದ ನಮಗೆ ಬಂದದ್ದೆಂದೂ ಅನೇಕರು ಭಾವಿಸುವುದುಂಟು. ನಮ್ಮ ವಿಚಾರಣೆಯ ತರುಣ ತರುಣಿಯರು ಈ ಕಾರ್ಯವನ್ನು ಕೈಗೊಂಡಿರುವುದರಿಂದ, ಅದರ ಪೂರ್ವಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸುವುದು ಉಚಿತವೆಂದು ಬಗೆದಿದ್ದೇವೆ. ನಮ್ಮ ದೇವಾಲಯದ ಗೋಡೆ ಗೋಪುರಗಳ ಕಥೆಯನ್ನು ಈ ಸಂಚಿಕೆಯಲ್ಲಿ ನಮಗಿಂತ ಸಮರ್ಥರಾದವರು ಬರೆದಿದ್ದಾರೆ.

ಮಕ್ಕಳಿಗೆಂದೇ ಪ್ರತ್ಯೇಕ ಆಸ್ಪತ್ರೆ ಇರಬೇಕೆಂಬ ವಿಚಾರವೇ ಬಹಳ ಹಳೆಯದಲ್ಲ. ಪ್ಯಾರಿಸ್ ನಗರದಲ್ಲಿ 1802ರಲ್ಲಿ ಅಂಥದೊಂದು ಆಸ್ಪತ್ರೆ ಸ್ಥಾಪಿತವಾಯಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ 1852ರ ಫೆಬ್ರವರಿ 14ರಂದು ಕೇವಲ 10 ಹಾಸಿಗೆಗಳೊಡನೆ ಮತ್ತೊಂದು ತೆರೆಯಿತು. ಅಲ್ಲಿಯವರೆಗೆ ಬಡವರ ಮಗು ಕಾಯಿಲೆ ಬಿದ್ದರೆ ಮನೆಯ ಮೂಲೆಯಲ್ಲೇ ನರಳಬೇಕಿತ್ತು. ಇಲ್ಲವೇ ದೊಡ್ಡವರ ನಡುವೆ ಮಲಗಬೇಕಿತ್ತು.

ಇಷ್ಟರಲ್ಲೇ ಮಕ್ಕಳಿಗೆ ಮಕ್ಕಳೇ ನೆರವಾಗುವ ದಾರಿಯೊಂದನ್ನು ಫ್ರಾನ್ಸ್ ದೇಶದ ಒಬ್ಬ ಧರ್ಮಾಧ್ಯಕ್ಷರು ತೋರಿಸಿಕೊಟ್ಟಿದ್ದರು. ನಾನ್ಸಿಯ ಧರ್ಮಾಧ್ಯಕ್ಷರಾಗಿದ್ದ ಷಾರ್ಲ್ ದೆ ಫೋರ್ಬಿನ್ ಜಾನ್ಸನ್ ಅವರು 1843ರಲ್ಲಿ ಪವಿತ್ರ ಬಾಲ್ಯ ಸಭೆಯನ್ನು ಆರಂಭಿಸಿದರು. ಚೀನಾ ದೇಶದಲ್ಲಿ ಅನಾಥರಾಗಿ ಬಿದ್ದಿದ್ದ ಶಿಶುಗಳ ಸುದ್ದಿ ಅವರ ಮನಸ್ಸನ್ನು ಕಲಕಿತ್ತು. ಅವರು ಶ್ರೀಮಂತರ ಬಾಗಿಲಿಗೆ ಹೋಗಲಿಲ್ಲ, ಮಕ್ಕಳನ್ನು ಕರೆದರು. ದಿನಕ್ಕೊಂದು ನಮೋ ಮರಿಯ ಜಪ, ತಿಂಗಳಿಗೊಂದು ಬಿಡಿಕಾಸು, ಇಷ್ಟೇ ಅವರ ನಿಯಮ. ನಮ್ಮ ಹಿರಿಯ ವಿಶ್ವಾಸಿಗಳಲ್ಲಿ ಕೆಲವರು ಬಾಲ್ಯದಲ್ಲಿ ಈ ಸಭೆಯ ಡಬ್ಬಿಗೆ ಕಾಸು ಹಾಕಿದ್ದನ್ನು ಇಂದಿಗೂ ನೆನೆಯುತ್ತಾರೆ.

ರೋಮ್ ನಗರದಲ್ಲಿ 1869ರಲ್ಲಿ ನಡೆದದ್ದು ಇನ್ನೂ ಹೃದಯಸ್ಪರ್ಶಿಯಾದದ್ದು. ಸಾಲ್ವಿಯಾತಿ ಎಂಬ ಕುಲೀನ ಮನೆತನದ ಮಕ್ಕಳು ತಾವು ಕಾಸು ಕೂಡಿಡುತ್ತಿದ್ದ ಹುಂಡಿಯನ್ನು ತಾಯಿಯಾದ ಡಚೆಸ್ ಅರಾಬೆಲ್ಲಾ ಅವರ ಕೈಗೆ ಕೊಟ್ಟು, ಪ್ಯಾರಿಸಿನಲ್ಲಿರುವಂತೆ ಇಲ್ಲಿಯೂ ಬಡ ಮಕ್ಕಳಿಗೊಂದು ಆಸ್ಪತ್ರೆಯಾಗಲಿ ಎಂದು ಕೇಳಿಕೊಂಡರು. ಹುಂಡಿಯಲ್ಲಿ ಎಷ್ಟಿದ್ದೀತು? ಆಸ್ಪತ್ರೆ ಕಟ್ಟುವಷ್ಟಂತೂ ಇರಲಾರದು. ಆದರೆ ತಾಯಿ ಅದನ್ನು ಮಕ್ಕಳಾಟವೆಂದು ಬದಿಗಿಡಲಿಲ್ಲ. ಅದೇ ವರ್ಷದ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಟೈಬರ್ ನದಿಯ ಬಳಿಯ ಝೊಕ್ಕೊಲೆತ್ತೆ ಬೀದಿಯ ಒಂದು ಕೋಣೆಯಲ್ಲಿ ನಾಲ್ಕು ಹಾಸಿಗೆಗಳು ಸಿದ್ಧವಾದವು. ಸಂತ ವಿನ್ಸೆಂಟ್ ದೆ ಪಾಲರ ಸಹೋದರಿಯರು ಶುಶ್ರೂಷೆಗೆ ನಿಂತರು. ಆಸ್ಪತ್ರೆಗೆ ಬಾಲಯೇಸುವಿನ ನಾಮಧೇಯವಾಯಿತು. 1887ರಲ್ಲಿ ಅದು ಜನಿಕುಲಮ್ ಬೆಟ್ಟದ ಸಂತ ಒನೊಫ್ರಿಯೊ ಮಠದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 1924ರಲ್ಲಿ ಆ ಮನೆತನದವರು ಅದನ್ನು ಜಗದ್ಗುರು ಹನ್ನೊಂದನೆಯ ಪಿಯುಸರಿಗೆ ಒಪ್ಪಿಸಿದರು. ನಾಲ್ಕು ಹಾಸಿಗೆಗಳ ಆ ಕೋಣೆ ಇಂದು ಯೂರೋಪಿನ ಅತಿ ದೊಡ್ಡ ಮಕ್ಕಳ ಆಸ್ಪತ್ರೆಗಳ ಸಾಲಿನಲ್ಲಿದೆ.

ಆಟಿಕೆಗಳನ್ನು ಊರಿಗೆ ಊರೇ ಕೂಡಿ ಸಂಗ್ರಹಿಸುವ ಕ್ರಮವನ್ನು ನಾವು ಕಾಣುವುದು ಲಂಡನ್ನಿನಲ್ಲಿ. ಹೆನ್ರಿ ಲಬೂಷೇರ್ ಎಂಬ ರಾಜಕಾರಣಿಯ ‘ಟ್ರೂತ್’ ವಾರಪತ್ರಿಕೆ 1880ರಿಂದ ತನ್ನ ಓದುಗರಿಂದ ಗೊಂಬೆಗಳನ್ನೂ ಆಟಿಕೆಗಳನ್ನೂ ತರಿಸಿ, ಕ್ರಿಸ್ತಜಯಂತಿಯ ಹೊತ್ತಿಗೆ ನಗರದ ಆಸ್ಪತ್ರೆಗಳ ಮತ್ತು ಬಡವರ ಆಶ್ರಯಧಾಮಗಳ ಮಕ್ಕಳಿಗೆ ಹಂಚುತ್ತಿತ್ತು. ಓದುಗರು ಗೊಂಬೆಗಳಿಗೆ ತಾವೇ ಬಟ್ಟೆ ಹೊಲಿದು ತೊಡಿಸುತ್ತಿದ್ದರು. ಮುಂದೆ ಅವನ್ನು ಹಂಚುವ ಮೊದಲು ರಾಯಲ್ ಆಲ್ಬರ್ಟ್ ಹಾಲ್ ಎಂಬ ಭವ್ಯ ಸಭಾಂಗಣದಲ್ಲಿ ಪ್ರದರ್ಶನಕ್ಕಿಡುತ್ತಿದ್ದರು. ಧರ್ಮದ ಹೆಸರಿನಲ್ಲಿ ಹಣ ಎತ್ತಿ ನುಂಗುವ ಕಪಟ ಸಂಸ್ಥೆಗಳನ್ನು ಬಯಲಿಗೆಳೆಯುವುದರಲ್ಲಿ ಇದೇ ಪತ್ರಿಕೆ ಹೆಸರಾಗಿತ್ತೆಂಬುದು ಗಮನಾರ್ಹ. 1885ರಲ್ಲಿ ಮೀತ್ ಪ್ರಾಂತದ ಕೌಂಟೆಸ್ ಅವರು ಮಕ್ಕಳದೇ ಒಂದು ಸೇವಾಸಂಘವನ್ನು ಕಟ್ಟಿ, ದಿನಕ್ಕೊಂದಾದರೂ ಸತ್ಕಾರ್ಯ ಮಾಡಲೆತ್ನಿಸಬೇಕೆಂಬ ನಿಯಮವನ್ನು ವಿಧಿಸಿದರು. ಅಮೆರಿಕದ ನೌಕಾ ಸೈನಿಕರು ಲಾಸ್ ಏಂಜಲೀಸಿನಲ್ಲಿ ಬಡ ಮಕ್ಕಳಿಗಾಗಿ ಸುಮಾರು 5,000 ಆಟಿಕೆಗಳನ್ನು ಕೂಡಿಸಿದ್ದು 1947ರಲ್ಲಿ. ಅದು ಈಗ ಜಗತ್ಪ್ರಸಿದ್ಧ. ಕಾಲದಲ್ಲಿ ಮಾತ್ರ ಬಹಳ ಹಿಂದೆ.

ಇಲ್ಲಿಯವರೆಗಿನದು ಕೊಡುವವರ ಚರಿತ್ರೆ. ಪಡೆಯುವ ಮಗುವಿನ ಕಡೆಯಿಂದ ನೋಡಿದರೆ ಚಿತ್ರ ಅಷ್ಟು ಹಿತಕರವಲ್ಲ.

ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ತಾಯಿತಂದೆಯರಿಗೆ ಮಗುವನ್ನು ಕಾಣಲು ವಾರಕ್ಕೊಂದೆರಡು ಗಂಟೆ ಮಾತ್ರ ಅವಕಾಶವಿತ್ತು. ಅವರು ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಅಂದಿನ ವೈದ್ಯರ ವಾದ. ಮಗು ಸುಮ್ಮನಿದ್ದದ್ದು ಸಮಾಧಾನದಿಂದಲ್ಲ, ಹತಾಶೆಯಿಂದ ಎಂಬುದನ್ನು ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಚಲನಚಿತ್ರದ ಮೂಲಕ ತೋರಿಸಿಕೊಟ್ಟರು. ಅದರಲ್ಲಿ ಲಾರಾ ಎಂಬ ಎರಡೂವರೆ ವರ್ಷದ ಹುಡುಗಿ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಅಳುವನ್ನು ನುಂಗಿಕೊಂಡು ತನ್ನ ಕರಡಿ ಗೊಂಬೆಯನ್ನೂ ಮನೆಯಿಂದ ತಂದ ಹೊದಿಕೆಯ ತುಂಡನ್ನೂ ಅಪ್ಪಿಕೊಂಡು ಮಲಗುತ್ತಾಳೆ. ತಾಯಿಯನ್ನು ಬಾಗಿಲಲ್ಲೇ ತಡೆದ ಕಡೆ ಗೊಂಬೆಯೇ ತಾಯಿಯ ಸ್ಥಾನದಲ್ಲಿ ನಿಂತಿತ್ತು. ಚಿತ್ರವನ್ನು ಕಂಡ ವೈದ್ಯರಲ್ಲಿ ಹಲವರು ಮೊದಲು ಸಿಟ್ಟಾದರು. ಆದರೂ 1959ರಲ್ಲಿ ಪ್ಲಾಟ್ ಸಮಿತಿಯ ವರದಿಯು ತಾಯಿತಂದೆಯರಿಗೆ ಯಾವ ಹೊತ್ತಿನಲ್ಲೂ ಪ್ರವೇಶವಿರಬೇಕೆಂದೂ, ಮಕ್ಕಳ ಆಟಕ್ಕೆ ಏರ್ಪಾಡಿರಬೇಕೆಂದೂ ಶಿಫಾರಸು ಮಾಡಿತು. ನಮ್ಮ ನಾಡಿನ ಸರಕಾರಿ ಆಸ್ಪತ್ರೆಗಳಲ್ಲಿ ಎಷ್ಟೇ ಕೊರತೆಗಳಿರಲಿ, ತಾಯಿಯು ಮಗುವಿನ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗುವುದು ಮೊದಲಿನಿಂದಲೂ ನಡೆದುಬಂದಿದೆ. ಈ ಒಂದು ವಿಷಯದಲ್ಲಿ ಬಡವರ ವಾಡಿಕೆಯೇ ಪಂಡಿತರ ಶಾಸ್ತ್ರಕ್ಕಿಂತ ಮುಂದಿತ್ತೆಂದು ಹೇಳಲು ನಮಗೆ ಸಂಕೋಚವಿಲ್ಲ.

ಆ ವರದಿಯ ಹಿಂದಿನ ವರ್ಷ, 1958ರ ಡಿಸೆಂಬರ್ 25ರಂದು, ಪೀಠವನ್ನೇರಿ ಎರಡು ತಿಂಗಳೂ ತುಂಬಿರದ ಜಗದ್ಗುರು ಸಂತ ಇಪ್ಪತ್ತಮೂರನೆಯ ಜಾನ್ ಅವರು ವ್ಯಾಟಿಕನ್ನಿನಿಂದ ಹೊರಟು, ಮೇಲೆ ಹೇಳಿದ ಬಾಲಯೇಸುವಿನ ಆಸ್ಪತ್ರೆಗೆ ಬಂದರು. ಹಾಸಿಗೆಯಿಂದ ಹಾಸಿಗೆಗೆ ನಡೆದು ಮಕ್ಕಳನ್ನು ಮಾತನಾಡಿಸಿದರು. 1870ರಲ್ಲಿ ರೋಮ್ ನಗರ ಇಟಲಿಯ ಅರಸರ ಕೈಸೇರಿದ ಮೇಲೆ ಜಗದ್ಗುರುಗಳು ಹೀಗೆ ಕ್ರಿಸ್ತಜಯಂತಿಯಂದು ರೋಗಿಗಳನ್ನು ಅರಸಿಕೊಂಡು ಹೊರಬಂದದ್ದಿಲ್ಲ. ಸಾಲ್ವಿಯಾತಿ ಮಕ್ಕಳ ಹುಂಡಿಗೆ ಅಂದು ತೊಂಬತ್ತು ವರ್ಷ ತುಂಬುತ್ತ ಬಂದಿತ್ತು.

ಆಟವೆಂಬುದು ಹಬ್ಬದ ದಿನದ ಉಡುಗೊರೆಯಷ್ಟೇ ಅಲ್ಲ, ಶುಶ್ರೂಷೆಯ ಒಂದು ಅಂಗ ಎಂಬ ತಿಳಿವಳಿಕೆ ಈ ಕಾಲದಲ್ಲೇ ಬೇರೂರಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1955ರಿಂದ ಎಮ್ಮಾ ಪ್ಲಾಂಕ್ ಎಂಬ ಶಿಕ್ಷಕಿ ಆಸ್ಪತ್ರೆಯ ಮಕ್ಕಳಿಗೆ ಆಟಪಾಠಗಳ ವ್ಯವಸ್ಥೆ ಮಾಡಿದರು. ಲಂಡನ್ನಿನ ಬ್ರೂಕ್ ಆಸ್ಪತ್ರೆಯಲ್ಲಿ 1963ರಲ್ಲಿ ಇದೇ ಬಗೆಯ ಯೋಜನೆ ಮೊದಲಾಯಿತು. ಸೂಜಿಗೆ ಹೆದರುವ ಮಗು ಮೊದಲು ಗೊಂಬೆಗೆ ತಾನೇ ಸೂಜಿ ಚುಚ್ಚಿ ಆಡುತ್ತದೆ. ಬಳಿಕ ತನ್ನ ತೋಳನ್ನು ಚಾಚುವುದು ಅದಕ್ಕೆ ಸ್ವಲ್ಪ ಸುಲಭವಾಗುತ್ತದೆ. ಸಂಯುಕ್ತ ರಾಷ್ಟ್ರಗಳ 1989ರ ಒಡಂಬಡಿಕೆಯ 31ನೆಯ ವಿಧಿಯು ಆಟವನ್ನು ಮಗುವಿನ ಹಕ್ಕೆಂದೇ ಸಾರಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿ ನೀಡಿತು.

ಇನ್ನು ನಮ್ಮ ತರುಣರ ವಿಷಯ. ಅವರ ಉತ್ಸಾಹಕ್ಕೆ ನಾವು ಎಂದೂ ಅಡ್ಡ ಬಂದವರಲ್ಲ. ಆದರೆ ಬರುವ ವಸ್ತುಗಳನ್ನು ಕಂಡಾಗ ಎರಡು ಮಾತು ಆಡದೆ ಇರಲಾಗದು. ಮನೆಯಲ್ಲಿ ಮೂಲೆ ಸೇರಿದ, ಕಣ್ಣು ಕಿತ್ತುಹೋದ ಬಟ್ಟೆಯ ಗೊಂಬೆಗಳನ್ನು ಕೆಲವರು ಕಳುಹಿಸುತ್ತಾರೆ. ಆಸ್ಪತ್ರೆಯವರು ಅವನ್ನು ವಾರ್ಡಿನೊಳಗೆ ಬಿಡದಿದ್ದಾಗ ಬೇಸರಪಡುತ್ತಾರೆ. ಇದು ಅಹಂಕಾರದ ನಿರಾಕರಣೆಯಲ್ಲ. ಒಬ್ಬರು ಬಳಸಿದ ಬಟ್ಟೆಯ ಗೊಂಬೆ ಸೋಂಕನ್ನು ಹೊತ್ತು ತರಬಲ್ಲದು. ಕ್ಯಾನ್ಸರಿನ ಚಿಕಿತ್ಸೆಯಿಂದ ಮೈಯ ನಿರೋಧಶಕ್ತಿ ಕುಂದಿದ ಮಗುವಿಗೆ ಅದು ಪ್ರಾಣಾಪಾಯ. ‘ವೆಲ್ವೆಟೀನ್ ರ್‍ಯಾಬಿಟ್’ ಎಂಬ 1922ರ ಪ್ರಸಿದ್ಧ ಮಕ್ಕಳ ಕಥೆಯಲ್ಲಿಯೇ ಕೆಂಪುಜ್ವರ ಬಂದ ಬಾಲಕನ ಮೊಲದ ಗೊಂಬೆಯನ್ನು ಸುಟ್ಟುಬಿಡಬೇಕೆಂದು ವೈದ್ಯರು ಹೇಳುತ್ತಾರೆ. ಎರಡನೆಯದು ಛಾಯಾಚಿತ್ರದ ಮಾತು. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿರುವ ಮಗುವಿನ ಕೈಗೆ ಪೆಟ್ಟಿಗೆ ಕೊಟ್ಟು, ಅದರ ಪಕ್ಕದಲ್ಲಿ ಹತ್ತು ಮಂದಿ ನಗುತ್ತ ನಿಲ್ಲುವುದು ನಮಗೆ ಒಪ್ಪಿಗೆಯಿಲ್ಲ. ಆ ತಾಯಿಯನ್ನು ಯಾರೂ ಕೇಳಿರುವುದಿಲ್ಲ.

ಈ ವರ್ಷದ ಸಂಗ್ರಹದ ವಿವರವನ್ನು ಯುವಜನರು ಆಸ್ಪತ್ರೆಯ ದಾದಿಯರೊಡನೆ ಸಮಾಲೋಚಿಸಿ ಸಿದ್ಧಪಡಿಸಿದ್ದಾರೆ. ಆಟಿಕೆಗಳು ಹೊಸವಿರಬೇಕು, ಒದ್ದೆ ಬಟ್ಟೆಯಿಂದ ಒರೆಸುವಂತಿರಬೇಕು, ಐಎಸ್‌ಐ ಗುರುತು ಹೊಂದಿರಬೇಕು. 2021ರ ಜನವರಿಯಿಂದ ಅಂಗಡಿಯ ಆಟಿಕೆಗಳಿಗೆ ಈ ಗುರುತು ಕಡ್ಡಾಯವಾಗಿದೆ. ಬಾಯಿಗೆ ಹೋಗುವಂಥ ಸಣ್ಣ ಬಿಡಿ ಭಾಗಗಳಿರುವ ಆಟಿಕೆ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರನ್ನು ಎಲ್ಲರೂ ಮರೆಯುವುದರಿಂದ, ಅವರಿಗಾಗಿ ಚದುರಂಗ, ಕೇರಂ, ಬಣ್ಣದ ಪೆನ್ಸಿಲ್ಲು, ಕಥೆಪುಸ್ತಕ ಬೇಕಾಗಿವೆ. ವಸ್ತುಗಳನ್ನು ಸುತ್ತಿ ಕಟ್ಟದೆ ಹಾಗೆಯೇ ಕೊಡಬೇಕು. ಯಾವ ಮಗುವಿಗೆ ಯಾವುದೆಂದು ದಾದಿಯರೇ ನಿರ್ಧರಿಸುತ್ತಾರೆ. ಆಗಮನ ಕಾಲದ ಎರಡನೆಯ ಭಾನುವಾರದ ಬೆಳಗಿನ ಪೂಜೆಯ ನಂತರ ಸಭಾಂಗಣದಲ್ಲಿ ಯುವಜನರು ಕಾದಿರುತ್ತಾರೆ. ಪುಟ್ಟ ಮಕ್ಕಳು ತಮ್ಮ ಹುಂಡಿಯನ್ನೇ ತಂದರೆ ಅದಕ್ಕೂ ಅಲ್ಲಿ ಬೇರೆ ಮೇಜಿದೆ.