ತಮಟೆ ಕೇಳಲು ಬಂದವರು

ನಮ್ಮ ಹೋಬಳಿಯಲ್ಲಿ ಊರಿನ ಚರಿತ್ರೆಯ ಮ್ಯೂಸಿಯಂ ಮಾಡ್ತಾರಂತೆ. ಹಳೇ ಚಾವಡಿಗೆ ಸುಣ್ಣ ಬಳಿದಾಗಿದೆ. ಗೌಡರ ಮನೆಯ ಕತ್ತಿ, ಶಾನುಭೋಗರ ಕಡತ, ದೇವಸ್ಥಾನದ ಹಳೇ ಪಲ್ಲಕ್ಕಿ ಬಂದು ಕೂತಿವೆ. ಕಡೆಗೆ ನಮ್ಮ ಕೇರಿಗೂ ಬಂದರು. 'ನಿಮ್ಮವರದ್ದೂ ಏನಾದ್ರೂ ಇರಲಿ, ಒಂದು ತಮಟೆ ಕೊಡಿ' ಅಂದರು. ಕೊಡಬೇಕೋ ಬೇಡವೋ ಅಂತ ಕೇರಿಯಲ್ಲಿ ಎರಡು ರಾತ್ರಿ ಮಾತಾಯಿತು. ಆ ಮಾತಿನ ನಡುವೆ ನಮಗೆ ನೂರು ವರ್ಷಕ್ಕೂ ಹಿಂದಿನ ಸಂಗತಿಯೊಂದು ನೆನಪಾಯಿತು.

ಮದ್ರಾಸಿನ ಸರ್ಕಾರಿ ಮ್ಯೂಸಿಯಂಗೆ 1885ರಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷಿನವನು ಮೇಲಧಿಕಾರಿಯಾಗಿ ಬಂದ. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೇ ಸೇರಿದ್ದವು. ಈತ ಊರು, ಕಾಡು ತಿರುಗಿ ಜನರ ತಲೆ ಅಳೆದ, ಮೂಗು ಅಳೆದ. ಮೂಗಿನ ಅಗಲದಿಂದ ಜಾತಿಯ ಮೇಲು ಕೀಳು ಲೆಕ್ಕ ಹಾಕುವುದನ್ನು ವಿಜ್ಞಾನ ಅಂತ ನಂಬಿದ್ದ ಕಾಲ ಅದು. ಅವನು ಕೂಡಿಹಾಕಿದ್ದೆಲ್ಲ 1909ರಲ್ಲಿ ಏಳು ಸಂಪುಟವಾಗಿ ಅಚ್ಚಾಯಿತು. ನಮ್ಮ ಜಾತಿಗಳೂ ಅದರಲ್ಲಿವೆ.

ಆ ಪುಸ್ತಕದ ಮೊದಲಲ್ಲೇ ಥರ್ಸ್ಟನ್ ತಾನೇ ಬರೆದುಕೊಂಡಿದ್ದಾನೆ: ವಯನಾಡಿನ ಪಣಿಯ ಹೆಂಗಸರು ತನ್ನನ್ನು ಕಂಡು ಓಡಿಹೋದರು ಅಂತ. ತಮ್ಮಲ್ಲಿ ಚೆನ್ನಾಗಿರುವವರನ್ನು ಹಿಡಿದು, ಹುಲಿಯ ಚರ್ಮಕ್ಕೆ ಹೊಟ್ಟು ತುಂಬುವ ಹಾಗೆ ತುಂಬಿ ಮದ್ರಾಸಿನ ಮ್ಯೂಸಿಯಂನಲ್ಲಿ ನಿಲ್ಲಿಸುತ್ತಾನೆ ಅಂತ ಅವರು ಹೆದರಿದ್ದರಂತೆ. ಯಾವುದೋ ಹಳೇ ಸಣ್ಣ ಅಪರಾಧಕ್ಕೆ ಪೊಲೀಸರಿಗೆ ಬೇಕಾಗಿದ್ದ ಇರುಳನೊಬ್ಬ, ಎತ್ತರ ಅಳೆಯುವ ಕಂಬ ನೋಡಿ ನೇಣುಗಂಬ ಅಂದುಕೊಂಡು ಅಳತೆಗೆ ಒಪ್ಪಲೇ ಇಲ್ಲ. ಥರ್ಸ್ಟನ್‌ಗೆ ಇದು ನಗುವ ವಿಷಯ. ನಮಗೆ ನಗು ಬರೋದಿಲ್ಲ. ಜೀತದಲ್ಲಿ ಹುಟ್ಟಿ ಜೀತದಲ್ಲೇ ಸಾಯುತ್ತಿದ್ದ ಆ ಹೆಂಗಸರು ಮ್ಯೂಸಿಯಂ ಅಂದರೆ ಏನು ಅಂತ ಅವನಿಗಿಂತ ಸರಿಯಾಗಿ ತಿಳಿದಿದ್ದರು. ಜೀವ ತೆಗೆದು ಆಕಾರ ಇಡುವ ಜಾಗ ಅದು.

ಹಂಗಾದ್ರೆ ಮ್ಯೂಸಿಯಂ ಅನ್ನೋದೇ ಬೇಡವೇ? ಬೇಡ ಅನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರಿಗೆ ನಾವು ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯ ವಿಷಯ ಹೇಳಿದೆವು. 1966ರಲ್ಲಿ ಅಲ್ಲಿನ ಸರ್ಕಾರ ಅದು ಬಿಳಿಯರ ಜಾಗ ಅಂತ ಸಾರಿತು. ಅರವತ್ತು ಸಾವಿರ ಜನರನ್ನು ಎಬ್ಬಿಸಿ ಊರಾಚೆ ಎಸೆದು, ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. 1994ರಲ್ಲಿ ಆ ಜನವೇ ಸೇರಿ ಒಂದು ಹಳೇ ಚರ್ಚಿನೊಳಗೆ ಮ್ಯೂಸಿಯಂ ತೆರೆದರು. ನೆಲದ ತುಂಬ ಬಡಾವಣೆಯ ನಕ್ಷೆ. ಬಂದವರು ಬಗ್ಗಿ, ನಮ್ಮ ಮನೆ ಇಲ್ಲಿತ್ತು ಅಂತ ತಮ್ಮ ಕೈಯಾರೆ ಹೆಸರು ಬರೆದರು. ಬೀದಿಯ ಹೆಸರಿನ ಫಲಕಗಳನ್ನು ಕೆಡವುವ ಕೆಲಸದವನೊಬ್ಬ ಬಚ್ಚಿಟ್ಟಿದ್ದ, ಅವೂ ಬಂದವು. ಮುಖ್ಯ ಸಂಗತಿ, ಆ ಮ್ಯೂಸಿಯಂ ನೆನಪಿನಲ್ಲೇ ನಿಲ್ಲಲಿಲ್ಲ, ಕಳೆದುಹೋದ ನೆಲ ವಾಪಸ್ ಕೇಳುವ ಹೋರಾಟಕ್ಕೂ ಜೊತೆಯಾಯಿತು. 2004ರಲ್ಲಿ ಮೊದಲು ಮರಳಿದವರ ಕೈಗೆ ಮಂಡೇಲಾ ಮನೆಯ ಬೀಗದ ಕೈ ಕೊಟ್ಟರು.

ಮತ್ತೆ ನಮ್ಮ ತಮಟೆಗೆ ಬರೋಣ. ಕೊಟ್ಟರೆ ಅದರ ಕೆಳಗಿನ ಚೀಟಿಯಲ್ಲಿ 'ಜಾನಪದ ವಾದ್ಯ' ಅಂತ ಬರೀತಾರೆ. ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿಯಾಗಿ ಬಡಿಸಿಕೊಂಡದ್ದು, ಇನ್ನು ಬಡಿಯೋಲ್ಲ ಅಂದಾಗ ಕೂಲಿ ತಪ್ಪಿಸಿದ್ದು, ಇದನ್ನು ಬರೀತಾರಾ? ಆ ಕತ್ತಿಯ ಪಕ್ಕದಲ್ಲಿ, ಹೋಟೆಲಿನ ಹೊರಗೆ ನಮಗಾಗಿ ಸೂರಿಗೆ ಸಿಗಿಸಿಡುತ್ತಿದ್ದ ಲೋಟ ಇಡ್ತಾರಾ? ಲೋಟ ಇಡಲೇಬೇಕು ಅಂತ ನಾವು ಹುಡುಗರು. ಅಜ್ಜಿಯೊಬ್ಬಳು ಮಾತ್ರ ಒಪ್ಪಲಿಲ್ಲ. 'ನಿಮ್ಗೇನ್ರಪ್ಪ, ಅದ್ರಲ್ಲಿ ಕುಡ್ದೋಳು ನಾನು. ಸ್ಕೂಲ್ ಮಕ್ಳು ಸಾಲಾಗಿ ಬಂದು ನೋಡಿ ನಗಬೇಕಾ?' ಅಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಓದಿದವರು ನಾವು, ಅವಳನ್ನು ಮೊದಲು ಕೇಳಬೇಕು ಅಂತ ನಮಗೂ ತೋಚಿರಲಿಲ್ಲವಲ್ಲ!

ಲೋಟದ ಮಾತು ಅಲ್ಲಿಗೇ ಬಿಟ್ಟೆವು. ತಮಟೆಗೆ ಒಂದು ಕಾಗದ ಬರೆದೆವು. ಕೊಟ್ಟವರ ಹೆಸರು, ಮಾಡಿದವರ ಹೆಸರು ಚೀಟಿಯಲ್ಲಿರಬೇಕು. ಚೀಟಿಯ ಮಾತು ಕೇರಿಯವರೇ ಹೇಳಬೇಕು, ಸಮಿತಿ ತಿದ್ದಕೂಡದು. ಸಮಿತಿಯಲ್ಲಿ ನಮ್ಮವರು ಅರ್ಧ ಇರಬೇಕು, ಅದರಲ್ಲಿ ಹೆಂಗಸರೂ ಇರಬೇಕು. ಕೇಳಿದ ದಿನ ತಮಟೆ ವಾಪಸ್ ಕೊಡಬೇಕು. ಈ ಕಡೆಯದು ಅಜ್ಜಿ ಸೇರಿಸಿದ್ದು.

ಕಾಗದ ಸಮಿತಿಯವರ ಹತ್ತಿರ ಇದೆ. ತಮಟೆ ಇನ್ನೂ ಅಜ್ಜಿಯ ಮನೆಯ ಗೂಟದಲ್ಲೇ ನೇತಾಡ್ತಿದೆ.