ಗಂಗಾಮೂಲದಿಂದ ಗುಲಬರ್ಗಾಕ್ಕೆ: ರಮಾಬಾಯಿಯ ನಿರ್ಧಾರಗಳು

ನಮ್ಮ ಕಾಳಗಿಯ ಮನೆಯಲ್ಲಿ ಯಾವ ದೊಡ್ಡ ವಿಷಯ ಬಂದರೂ ಆಯಿ (ನಮ್ಮ ಕಡೆ ಅಜ್ಜಿಗೆ ಹೀಗೇ ಅನ್ನೋದು) ಒಂದೇ ಮಾತು ಹೇಳುತ್ತಿದ್ದಳು. "ಮೊದಲ ಪ್ರಾರ್ಥನಾ ಮಾಡವ್ವ, ಆಮ್ಯಾಲ ತಲಿಗೂ ಸ್ವಲ್ಪ ಕೆಲಸ ಕೊಡು." ಪಿಯುಸಿ ಮುಗಿದ ವರ್ಷ ನನಗೊಂದು ಸಂಬಂಧ ಬಂತು. ಅದು ದೇವರ ಚಿತ್ತ ಅಂತ ಹಿರಿಯರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಆಯಿ ಮಾತ್ರ "ದೇವರು ಹೇಳಿದ್ದು ಆಕಿಗೂ ಕೇಳಸಬೇಕಲ್ಲ?" ಅಂದಳು. ನಾನು ಓದು ಮುಂದುವರಿಸಿದೆ.

ಪಂಡಿತಾ ರಮಾಬಾಯಿಯ ಬದುಕನ್ನು ಓದುವಾಗ ಆಯಿಯ ಮಾತು ಮತ್ತೆ ಮತ್ತೆ ನೆನಪಾಯಿತು. ರಮಾಬಾಯಿ ಅಂದರೆ ಮಹಾರಾಷ್ಟ್ರದವರು ಅಂತಲೇ ನಾವೆಲ್ಲ ತಿಳಿದಿರುತ್ತೇವೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಕೋಪಕ್ಕೆ ಗುರಿಯಾದವರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಮೊದಲ ಗುರು. ತೀರ್ಥಯಾತ್ರೆಯಲ್ಲೇ ಅಲೆಯುತ್ತಿದ್ದ ಈ ಕುಟುಂಬ 1874ರ ಸುಮಾರಿಗೆ ಹಸಿವಿಗೆ ಸಿಕ್ಕಿ ಒಬ್ಬೊಬ್ಬರಾಗಿ ಕರಗಿತು. ಅಪ್ಪ, ಅವ್ವ, ಅಕ್ಕ ಎಲ್ಲ ಹೋದರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಮದುವೆಯಾದರು. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದಾಗ ಮಗಳು ಮನೋರಮಾ ಇನ್ನೂ ಕೂಸು.

1883ರಲ್ಲಿ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳದೆ ಆ ಆಸೆ ಬಿಡಬೇಕಾಯಿತು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು, ಲೋಕ 'ಕೆಟ್ಟವರು' ಎಂದು ತಳ್ಳಿದ ಹೆಂಗಸರನ್ನು ಪ್ರೀತಿಯಿಂದ ನೋಡಿಕೊಳ್ಳುವುದನ್ನು ಕಂಡರು. ಇವರಿಗೆ ಹೀಗೆ ಮಾಡಲು ಏನು ಕಾರಣ ಅಂತ ಕೇಳಿದರು. ಸಮಾರ್ಯದ ಹೆಂಗಸಿನ ಕಥೆ ಓದಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರೆ ತಪ್ಪು. ನನಗೆ ಇಷ್ಟವಾಗುವುದು ಆಮೇಲಿನದು. ತ್ರಿತ್ವದ ಬೋಧನೆಯ ಬಗ್ಗೆ ಗುರುಗಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಬಿಷಪ್ಪರು ಹೇಳಿದರು ಅನ್ನೋ ಒಂದೇ ಕಾರಣಕ್ಕೆ ಒಪ್ಪಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ಸಂಸ್ಕೃತ ಇರಲಿ ಅಂದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ದೀಕ್ಷಾಸ್ನಾನವಾಗಿ ಸುಮಾರು 8 ವರ್ಷವಾದ ಮೇಲಷ್ಟೇ, ತನಗೆ ಸಿಕ್ಕಿದ್ದು ಬರೀ ಧರ್ಮ, ಬೇಕಾಗಿದ್ದು ಕ್ರಿಸ್ತನೇ ಎಂದು ತಿಳಿಯಿತಂತೆ. ಹಾಗಂತ ಅವರೇ ಬರೆದುಕೊಂಡಿದ್ದಾರೆ. ಎಂಟು ವರ್ಷ! ನಾವು ಎಂಟು ನಿಮಿಷ ಪ್ರಾರ್ಥನೆ ಮಾಡಿ ಉತ್ತರ ಬರಲಿಲ್ಲ ಅಂತ ಗೊಣಗುತ್ತೇವೆ :-)

ಅವರ ನಿರ್ಧಾರಗಳಿಗೆ ಬೆಲೆಯೂ ಇತ್ತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಮತದ ಒತ್ತಾಯ ಇಲ್ಲ ಎಂದು ಮಾತು ಕೊಟ್ಟಿದ್ದರು. ಆದರೆ ತಾವು ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಬಂದು ಕೂತರು. 1893ರಲ್ಲಿ ದೊಡ್ಡ ಗದ್ದಲವಾಯಿತು. ರಾನಡೆ, ಭಂಡಾರ್ಕರ್ ಅಂಥವರೇ ಸಲಹಾ ಮಂಡಳಿ ಬಿಟ್ಟರು, ಎಷ್ಟೋ ಹುಡುಗಿಯರನ್ನು ಮನೆಯವರು ಕರೆದೊಯ್ದರು. ನಂಬಿ ಕಳಿಸಿದವರ ಸಂಕಟವೂ ಸುಳ್ಳಲ್ಲ. ಅಲ್ಲಿ ಯಾರು ಸರಿ ಎಂದು ಒಂದೇ ಸಾಲಿನಲ್ಲಿ ಹೇಳಲು ನನಗಂತೂ ಆಗದು.

1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಬರ ಬಿತ್ತು. ಹಸಿವು ಏನೆಂದು ಬಲ್ಲ ರಮಾಬಾಯಿ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವಿನ ಹೊಲದಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ 1,500 ಜನ.

ಈಗ ನಮ್ಮೂರಿನ ಕಡೆಗೆ ಬರೋಣ. ವಾಡಿಯಲ್ಲಿ ಪುಣೆಯ ರೈಲು ಹತ್ತಿದರೆ ಶಹಾಬಾದ, ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಅದೇ ಕೇಡಗಾಂವ್ ಸಿಗುತ್ತದೆ. ಅದೇ ಹಳಿಯ ಮೇಲಿನ ಗುಲಬರ್ಗಾ ಆಗ ನಿಜಾಮರ ರಾಜ್ಯದಲ್ಲಿತ್ತು. 1912ರಲ್ಲಿ ಮಗಳು ಮನೋರಮಾಳ ನೆರವಿನಿಂದ ಅಲ್ಲಿ ಒಂದು ಕ್ರೈಸ್ತ ಹೈಸ್ಕೂಲು ಶುರು ಮಾಡಿದರು, ಮುಖ್ಯೋಪಾಧ್ಯಾಯಿನಿ ಮನೋರಮಾಳೇ. ಘಟ್ಟದ ಕಾಡಿನಲ್ಲಿ ಅವ್ವ ಮಗಳಿಗೆ ಹೇಳಿಕೊಟ್ಟ ಪಾಠ ಹೀಗೆ ನಮ್ಮ ಬಿಸಿಲೂರಿಗೆ ಬಂತು.

1921ರಲ್ಲಿ ಮನೋರಮಾ ತೀರಿಕೊಂಡಳು. ಮರುವರ್ಷ ಏಪ್ರಿಲ್ 5ರಂದು, ಮರಾಠಿಗೆ ಇಡೀ ಸತ್ಯವೇದ ಅನುವಾದಿಸುವ ಕೆಲಸ ಮುಗಿಸಿ ರಮಾಬಾಯಿಯೂ ಹೋದರು.

ಜಾಣ ಕ್ರೈಸ್ತ ಹೆಂಗಸು ಅಂದರೆ ತಗ್ಗಿ ಬಗ್ಗಿ 'ಹೂಂ' ಅನ್ನುವವಳು ಎಂದು ಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ರಮಾಬಾಯಿ ದೇವರ ಮುಂದೆ ಮೊಣಕಾಲೂರಿದರು, ಏಳುವಾಗ ತಲೆಯನ್ನು ಅಲ್ಲೇ ಬಿಟ್ಟು ಬರಲಿಲ್ಲ. ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ, ರಮಾಬಾಯಿಯ ಹೆಸರೂ ಗೊತ್ತಿರಲಿಲ್ಲ. ಆದರೂ ಇಬ್ಬರೂ ಹೇಳಿದ್ದು ಒಂದೇ ಮಾತು ಅನ್ನಿಸುತ್ತದೆ.